ಮೆಡಿಕಲ್ ಶಾಪಿನವಳು ನೋಡಿದ ಅನಿಮೆ

ನಮ್ಮ ಮನೆಯಲ್ಲಿ ಅನಿಮೆಗೆ, ಅಂದರೆ ಜಪಾನಿನ ಅನಿಮೇಷನ್ ಸರಣಿಗಳಿಗೆ, ಇನ್ನೂ ಕಾರ್ಟೂನ್ ಅಂತಲೇ ಹೆಸರು. ರಾತ್ರಿ ಊಟಕ್ಕೆ ಕೂತು ಟಿವಿ ಹಾಕಿದರೆ ಸಾಕು, ಅಮ್ಮ 'ಮತ್ತೆ ಆ ಕಾರ್ಟೂನ್ ಹುಡುಗಿನಾ?' ಅಂತ ಗೊಣಗುತ್ತಾರೆ. ಗೊಣಗುತ್ತಲೇ ಕುರ್ಚಿ ಎಳೆದುಕೊಂಡು ತಾವೂ ಕೂರುತ್ತಾರೆ. ಆ ಕಾರ್ಟೂನ್ ಹುಡುಗಿಯ ಹೆಸರು ಮಾವೊಮಾವೊ. 'ದಿ ಅಪೋಥೆಕರಿ ಡೈರೀಸ್' ಸರಣಿಯ ನಾಯಕಿ. ಅವಳು ಔಷಧಿ ಮಾಡುವವಳು, ನಾನು ಔಷಧಿ ಮಾರುವವಳು. ಡಿ.ಫಾರ್ಮ ಮುಗಿಸಿದ ಮೇಲೆ ಶಿವಮೊಗ್ಗದಲ್ಲಿ ಕೌಂಟರ್ ಹಿಂದೆ ನಿಂತೇ ಅರ್ಧ ಆಯಸ್ಸು ಹೋಗಿದೆ. ಹಾಗಾಗಿ ಈ ಬರಹದಲ್ಲಿ ಪಕ್ಷಪಾತ ಇರುತ್ತೆ, ಮೊದಲೇ ಹೇಳಿಬಿಡುತ್ತೇನೆ. ಕಥೆಯ ಗುಟ್ಟುಗಳೂ ಹೊರಬೀಳುತ್ತವೆ. ಸರಣಿ ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ಅಣ್ಣನ ಮಗಳು ಬೆಂಗಳೂರಿನಿಂದ ಬಂದಾಗ 'ಅತ್ತೆ, ನಿಮಗೆ ಅಂತಲೇ ಮಾಡಿದ ಹಾಗಿದೆ, ನೋಡಿ' ಅಂತ ಹಚ್ಚಿಕೊಟ್ಟು ಹೋದಳು. ನತ್ಸು ಹ್ಯೂಗ ಎಂಬ ಲೇಖಕಿ 2011ರಲ್ಲಿ ಇಂಟರ್ನೆಟ್ಟಿನಲ್ಲಿ ಬರೆಯಲು ಶುರು ಮಾಡಿದ ಕಥೆ ಇದು. ಅನಿಮೆಯಾಗಿ 2023ರ ಅಕ್ಟೋಬರಿನಿಂದ ಬಂತು. ಒಂದೊಂದು ಸೀಸನ್‌ಗೆ 24 ಎಪಿಸೋಡ್, ಈಗ ಎರಡು ಸೀಸನ್ ಮುಗಿದಿವೆ. ಹಳೆಯ ಚೀನಾದ ಹಾಗೆ ಕಾಣುವ ಒಂದು ಕಲ್ಪನೆಯ ದೇಶ. ಸೂಳೆಗೇರಿಯಲ್ಲಿ ಸಾಕುತಂದೆಯ ಹತ್ತಿರ ಔಷಧಿ ಕಲಿತ ಹುಡುಗಿಯನ್ನು ಯಾರೋ ಕದ್ದು ಅರಮನೆಯ ಅಂತಃಪುರಕ್ಕೆ ಮಾರುತ್ತಾರೆ. ಅಲ್ಲಿ ಬಟ್ಟೆ ಒಗೆಯುವ ಕೆಲಸ.

ಮೊದಲ ಎಪಿಸೋಡಿನಲ್ಲೇ ನನ್ನನ್ನು ಹಿಡಿದು ಕೂರಿಸಿದ್ದು ಮುಖಕ್ಕೆ ಹಚ್ಚುವ ಪೌಡರ್. ಅಂತಃಪುರದಲ್ಲಿ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿವೆ, ಶಾಪ ಅಂತ ಎಲ್ಲರೂ ಪಿಸುಗುಟ್ಟುತ್ತಾರೆ. ಮಾವೊಮಾವೊ ದೂರದಿಂದ ನೋಡಿಯೇ ಕಾರಣ ಹಿಡಿಯುತ್ತಾಳೆ. ರಾಣಿಯರು ಹಚ್ಚುವ ಬಿಳಿ ಪೌಡರಿನಲ್ಲಿ ಸೀಸ ಇದೆ. ಲಂಗದ ತುದಿ ಹರಿದು, ಅದರ ಮೇಲೆ ಎಚ್ಚರಿಕೆ ಬರೆದು, ಹೂವಿನ ಕೊಂಬೆಗೆ ಕಟ್ಟಿ ಇಬ್ಬರು ರಾಣಿಯರ ಕಿಟಕಿಯಲ್ಲಿ ಇಟ್ಟು ಬರುತ್ತಾಳೆ. ಗ್ಯೊಕುಯೋ ರಾಣಿ ನಂಬುತ್ತಾಳೆ, ಅವಳ ಮಗಳು ಉಳಿಯುತ್ತಾಳೆ. ಲಿಹುವಾ ರಾಣಿಯ ಮಗ ಉಳಿಯುವುದಿಲ್ಲ.

ಇದು ಕಟ್ಟುಕಥೆ ಅಂತ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಇದು ನಿಜವಾಗಿಯೂ ನಡೆದಿತ್ತು. ಅಲ್ಲಿ ಹೆಂಗಸರು, ಕಬುಕಿ ಎಂಬ ಸಾಂಪ್ರದಾಯಿಕ ನಾಟಕದ ನಟರು ಸೀಸದ ಬಿಳಿ ಪೌಡರನ್ನೇ ಹಚ್ಚುತ್ತಿದ್ದರು. 1887ರಲ್ಲಿ ಮೇಜಿ ಚಕ್ರವರ್ತಿಯ ಎದುರು ಆಡುವಾಗ ಒಬ್ಬ ದೊಡ್ಡ ಕಬುಕಿ ನಟನಿಗೆ ಕಾಲು ನಡುಗಿ, ಅದು ಸೀಸದ ವಿಷ ಅಂತ ಗೊತ್ತಾಯಿತು. ಮಕ್ಕಳ ವಿಷಯ ಗೊತ್ತಾಗಿದ್ದು ಇನ್ನೂ ತಡವಾಗಿ. ಹಸುಗೂಸುಗಳಿಗೆ ಮಿದುಳು ಜ್ವರದಂಥ ಕಾಯಿಲೆ ಬರುತ್ತಿತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ಕ್ಯೋಟೋದ ಮಕ್ಕಳ ಡಾಕ್ಟರ್ ಹಿರಾಯ್ ಇಕುತಾರೋ 1923ರಲ್ಲಿ ಕಾರಣ ಹೇಳಿದರು: ತಾಯಂದಿರು ಹಚ್ಚುವ ಪೌಡರಿನ ಸೀಸ. ನೂರು ವರ್ಷದ ಹಿಂದಿನ ಮಾತು, ಅಷ್ಟೇ.

ಆದರೆ ನನಗೆ ಮೊದಲ ಎಪಿಸೋಡಿಗಿಂತ ನಾಲ್ಕನೆಯದು ದೊಡ್ಡದು. ಮಗನನ್ನು ಕಳೆದುಕೊಂಡ ಲಿಹುವಾ ಹಾಸಿಗೆ ಹಿಡಿದಿದ್ದಾಳೆ. ನೋಡಿಕೊಳ್ಳಲು ಮಾವೊಮಾವೊಳನ್ನು ಕಳಿಸುತ್ತಾರೆ. ಪೌಡರಿಗೆ ಆಗಲೇ ನಿಷೇಧ ಬಿದ್ದಾಗಿದೆ, ಆದರೂ ರಾಣಿ ಚೇತರಿಸಿಕೊಳ್ಳುತ್ತಿಲ್ಲ. ನೋಡಿದರೆ ಒಬ್ಬ ದಾಸಿ ಕದ್ದುಮುಚ್ಚಿ ಅದೇ ಪೌಡರ್ ಹಚ್ಚುತ್ತಿದ್ದಾಳೆ. ಯಾಕೆ? ತನ್ನ ರಾಣಿ ಚೆಂದ ಕಾಣಲಿ ಅಂತ. ಮಾವೊಮಾವೊ ಅವಳ ಕೆನ್ನೆಗೆ ಬಾರಿಸಿ, ಇಡೀ ಡಬ್ಬಿಯನ್ನು ಅವಳ ಮೇಲೇ ಸುರಿಯುತ್ತಾಳೆ. ಅಲ್ಲಿಯವರೆಗೆ ಯಾವುದಕ್ಕೂ ತಲೆಕೆಡಿಸಿಕೊಳ್ಳದ, ದನಿ ಏರಿಸದ ಹುಡುಗಿ ಇವಳು. ಯೂಕಿ ಅಓಯಿ ಎಂಬ ಕಲಾವಿದೆ ಅವಳಿಗೆ ದನಿ ಕೊಟ್ಟಿದ್ದಾರೆ. ಆ ಒಂದು ಸಿಟ್ಟಿಗೇ ಅವರಿಗೆ ಪ್ರಶಸ್ತಿ ಕೊಡಬಹುದು.

ಆ ದಾಸಿ ಕೆಟ್ಟವಳಲ್ಲ, ಅಲ್ವಾ? ಅವಳ ಪ್ರೀತಿಯಲ್ಲಿ ಸುಳ್ಳಿಲ್ಲ. ನನ್ನ ಕೌಂಟರಿಗೆ ಬರುವವರೂ ಹೀಗೇ. ಮಕ್ಕಳ ಜ್ವರಕ್ಕೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಇದೆ, ಸಿರಪ್ ಇದೆ. ಡ್ರಾಪ್ಸ್ ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಮಾಮೂಲಿ 125ರ ಸಿರಪ್ಪಾದರೆ ಐದು ಎಂಎಲ್ ಚಮಚದಲ್ಲಿ ಇರುವುದೇ 125. ಅಂದರೆ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಇದನ್ನು ದಿನಾ ಹೇಳುತ್ತೇನೆ. ಒಬ್ಬ ಅಜ್ಜಿ ಬಾಟಲಿ ಕೈಯಲ್ಲಿ ಹಿಡಿದು, 'ಇನ್ನೊಂದು ಚಮಚ ಜಾಸ್ತಿ ಕೊಟ್ಟರೆ ಬೇಗ ಇಳಿಯಲ್ವೇನಮ್ಮಾ? ಮಗು ಅಳೋದು ನೋಡಕ್ಕಾಗಲ್ಲ' ಅಂದರು. ಕೆನ್ನೆಗೆ ಬಾರಿಸುವ ಹಾಗಿಲ್ಲವಲ್ಲ. ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಇದನ್ನು ದಾಟಬೇಡಿ ಅಜ್ಜಿ ಅಂತ ಕಳಿಸಿದೆ.

ಮೊದಲ ಸೀಸನ್ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ವಿಷ ಹಾಕಿದವರನ್ನು ಹುಡುಕುತ್ತಾ ಹೋದರೆ ಎಷ್ಟೋ ಸಲ ಕೊನೆಗೆ ಸಿಗುವುದು ಪ್ರೀತಿಸಿದವರೇ. ಜೇನುತುಪ್ಪದ ಪ್ರಕರಣವಂತೂ ನೋಡಿ ನಿದ್ದೆ ಬರಲಿಲ್ಲ. ಆ-ದುವೋ ಎಂಬ ರಾಣಿಯ ಮಗು ಸತ್ತಿದ್ದು ಹೇಗೆ ಅಂತ ಹುಡುಕುತ್ತಾ ಹೋದರೆ, ಅವಳ ಮುಖ್ಯ ದಾಸಿ ಫೆಂಗ್‌ಮಿಂಗ್ ಕೊಟ್ಟ ಜೇನುತುಪ್ಪ. ಫೆಂಗ್‌ಮಿಂಗ್ ಮನೆಯವರು ಜೇನು ಸಾಕುವವರು. ತನಗೆ ಗೊತ್ತಿದ್ದ ಅತಿ ಒಳ್ಳೆಯ ಪದಾರ್ಥವನ್ನೇ ಮಗುವಿಗೆ ಕೊಟ್ಟಿದ್ದಾಳೆ ಪಾಪ. ಆ ಗುಟ್ಟು ರಾಣಿಗೆ ಗೊತ್ತಾಗಬಾರದು ಅಂತ ಆಮೇಲೆ ನಿಜವಾದ ವಿಷಕ್ಕೇ ಕೈ ಹಾಕುತ್ತಾಳೆ.

ಇದು ನಮ್ಮ ಊರುಗಳಿಗೆ ಎಷ್ಟು ಹತ್ತಿರದ ಮಾತು ಅಂದರೆ, ಹೆರಿಗೆಯಾದ ಮನೆಯವರು ಇಂದಿಗೂ ಸಣ್ಣ ಜೇನಿನ ಬಾಟಲಿ ಕೇಳಿಕೊಂಡು ಬರುತ್ತಾರೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಹಳೆಯ ರೂಢಿ. ವರ್ಷ ತುಂಬುವ ತನಕ ಬೇಡ ಅಂದರೆ ಮುಖ ಗಂಟು ಹಾಕುತ್ತಾರೆ. ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ರೋಗದ ಬೀಜಾಣು ಇರುತ್ತೆ. ದೊಡ್ಡವರ ಕರುಳಿನಲ್ಲಿ ಅದರ ಆಟ ನಡೆಯಲ್ಲ, ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತೆ. ಮಗು ಸುಸ್ತಾಗಿ, ಹಾಲು ಚೀಪಲೂ ಆಗದೆ, ಉಸಿರಾಟಕ್ಕೇ ಕುತ್ತು ಬರಬಹುದು. ಜಪಾನ್ ಸರ್ಕಾರ 1987ರಲ್ಲೇ ಒಂದು ವರ್ಷದ ಒಳಗಿನ ಮಕ್ಕಳಿಗೆ ಜೇನು ಕೊಡಬೇಡಿ ಅಂತ ಹೇಳಿತ್ತು. ಅಷ್ಟಾದರೂ 2017ರಲ್ಲಿ ಟೋಕಿಯೋದಲ್ಲಿ ಆರು ತಿಂಗಳ ಮಗು ಇದರಿಂದಲೇ ತೀರಿಕೊಂಡಿತು.

ಇಲ್ಲಿ ನನ್ನದೊಂದು ತಕರಾರಿದೆ. ಮಕ್ಕಳ ಈ ಕಾಯಿಲೆಯನ್ನು ಡಾಕ್ಟರುಗಳು ಗುರುತಿಸಿದ್ದೇ 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮಾವೊಮಾವೊಗೆ ಅದು ನೂರಾರು ವರ್ಷ ಮೊದಲೇ ಗೊತ್ತು! ಕಥೆ ಅಂದಮೇಲೆ ಇಷ್ಟು ಸಲಿಗೆ ಕೊಡೋಣ. ಆದರೆ ಅವಳು ಪ್ರತಿ ಸಲವೂ ಸರಿ ಹೇಳುತ್ತಾಳೆ ಅನ್ನುವುದು ಮಾತ್ರ ನನಗೆ ಜೀರ್ಣವಾಗಲ್ಲ. ಕೌಂಟರ್ ಹಿಂದೆ ನಿಂತವರಿಗೆ ಗೊತ್ತು, ಹತ್ತು ಹೊಟ್ಟೆನೋವಿನಲ್ಲಿ ನಾಲ್ಕಕ್ಕೆ ಕಾರಣವೇ ಸಿಗಲ್ಲ.

ಉಮ್ಮತ್ತಿಯ ಎಪಿಸೋಡ್ ಬಗ್ಗೆ ಬರೆಯದಿದ್ದರೆ ನಾನು ಓದಿದ ಡಿ.ಫಾರ್ಮಗೆ ಅವಮಾನ. ಸುಯಿರೆ ಎಂಬ ದಾಸಿ ಸತ್ತ ಹಾಗೆ ಮಲಗಿ ಆಮೇಲೆ ಎದ್ದು ಮಾಯವಾಗುತ್ತಾಳೆ. ಆ ಔಷಧಿಯಲ್ಲಿ ಉಮ್ಮತ್ತಿ ಇದೆ. ನಮ್ಮಲ್ಲಿ ಶಿವನಿಗೆ ಏರಿಸುವ, ರಸ್ತೆ ಪಕ್ಕದಲ್ಲಿ ಮುಳ್ಳುಕಾಯಿ ಬಿಡುವ ಗಿಡ. ಜಪಾನಿನ ಹನಓಕಾ ಸೇಶು ಎಂಬ ವೈದ್ಯ 1804ರಲ್ಲಿ ಉಮ್ಮತ್ತಿ ಮತ್ತು ವತ್ಸನಾಭಿ ಸೇರಿಸಿದ ಔಷಧಿ ಕುಡಿಸಿ, ಪ್ರಜ್ಞೆ ತಪ್ಪಿಸಿ, ಒಬ್ಬ ಹೆಂಗಸಿನ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದಿದ್ದ. ಅಮೆರಿಕದಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ಜಗತ್ತಿಗೆ ತೋರಿಸಿದ್ದು 1846ರಲ್ಲಿ. ಡೋಸ್ ಸರಿಮಾಡುವಾಗ ಹನಓಕಾ ಮನೆಯವರ ಮೇಲೇ ಪ್ರಯೋಗ ಮಾಡಿದ, ಹೆಂಡತಿ ಕಣ್ಣು ಕಳೆದುಕೊಂಡಳು ಅಂತ ಹೇಳುತ್ತಾರೆ. ಮಾವೊಮಾವೊಳ ಎಡಗೈ ಯಾವಾಗಲೂ ಬ್ಯಾಂಡೇಜಿನಲ್ಲಿ ಸುತ್ತಿರುತ್ತಲ್ಲ, ಅದು ಅವಳೇ ಮಾಡಿಕೊಂಡ ಗಾಯ, ಹಚ್ಚಿ ನೋಡಿದ ವಿಷ. ಉಮ್ಮತ್ತಿಯಲ್ಲಿರುವ ಅಟ್ರೊಪಿನ್ನೇ ಇಂಜೆಕ್ಷನ್ ರೂಪದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೀಟನಾಶಕ ಕುಡಿದು ಬಂದವರ ಜೀವ ಉಳಿಸುತ್ತೆ. ಅದನ್ನು ಸೇರಿಸಿ ನೋಡಿದಾಗ ಆ ಬ್ಯಾಂಡೇಜು ನನಗೆ ಸುಮ್ನೆ ಒಂದು ಅಲಂಕಾರವಾಗಿ ಕಾಣಲಿಲ್ಲ.

ನಗುವೂ ಇದೆ ಬಿಡಿ. ತೋಟದ ಔತಣದಲ್ಲಿ ರುಚಿ ನೋಡುವ ಕೆಲಸ ಅವಳದು. ಸೂಪು ಬಾಯಿಗಿಟ್ಟವಳ ಮುಖ ಸ್ವರ್ಗ ಕಂಡ ಹಾಗೆ ಅರಳುತ್ತೆ, ಆಮೇಲೆ ಉಗಿದು 'ಇದರಲ್ಲಿ ವಿಷ ಇದೆ' ಅನ್ನುತ್ತಾಳೆ. ಅಂತಃಪುರದ ವೈದ್ಯರು ಪಕ್ಕಾ ಅಳಲೆಕಾಯಿ ಪಂಡಿತರು. ಏನೂ ಗೊತ್ತಿಲ್ಲ, ಆದರೆ ಬಂದವರಿಗೆ ಟೀ ಕೊಟ್ಟು ಕೂರಿಸುತ್ತಾರೆ. ಅಮ್ಮನಿಗೆ ಅವರೇ ಇಷ್ಟ.

ಅಮ್ಮನಿಗೆ ನಾನು ಪಕ್ಕದಲ್ಲಿ ಕೂತು ಸಬ್‌ಟೈಟಲ್ಲನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕು, ಅದೊಂದು ಬೇರೆ ಕೆಲಸ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಎಂಬ ಅನಿಮೆ ಸಿನಿಮಾ ನಮ್ಮ ದೇಶದ ಥಿಯೇಟರಿಗೆ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಆಗಿತ್ತು. ಕನ್ನಡ ಇರಲಿಲ್ಲ. ಇಲ್ಲಿ ನೋಡುವವರೇ ಇಲ್ಲ ಅಂದುಕೊಂಡರೋ ಏನೋ.

ಎರಡನೇ ಸೀಸನ್ ಬಗ್ಗೆ ಅಣ್ಣನ ಮಗಳಿಗೂ ನನಗೂ ಜಗಳ. ಅವಳಿಗೆ ಅದೇ ಮೇಲು. ಅಂತಃಪುರ ನೋಡಿಕೊಳ್ಳುವ ಚೆಂದದ ಅಧಿಕಾರಿ ಜಿನ್ಶಿ ಜಾಸ್ತಿ ಬರುತ್ತಾನಲ್ಲ! (ಕಪ್ಪೆ ಪ್ರಸಂಗ ನೋಡಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ, ಒಪ್ಪುತ್ತೇನೆ.) ಆದರೆ ಕಥೆ ಹೋಗ್ತಾ ಹೋಗ್ತಾ ಔಷಧಿ ಬಿಟ್ಟು ಸಿಂಹಾಸನದ ಹಿಂದೆ ಬಿತ್ತು. ಮನೆತನಗಳ ಹಗೆ, ಕೋಟೆ, ಬಂದೂಕು, ಅಪಹರಣ. ಶೆನ್‌ಮೇ ಎಂಬ ಹೆಂಗಸು ಬರುತ್ತಾಳೆ, ತಲೆಯಿಂದ ಕಾಲಿನವರೆಗೆ ಬರೀ ಕ್ರೌರ್ಯ. ಪೌಡರ್ ಹಚ್ಚಿದ ಆ ದಾಸಿಯ ಮುಂದೆ ಇವಳು ನನಗೆ ಏನೂ ಅನ್ನಿಸಲಿಲ್ಲ. ಕೆಟ್ಟವಳು ಕೆಟ್ಟದ್ದು ಮಾಡಿದರೆ ಅದರಲ್ಲಿ ಯೋಚನೆ ಮಾಡಲು ಏನಿದೆ? ಕೊನೆಯಲ್ಲಿ ಅವಳ ಮಗಳು ಲೌಲನ್ ಸೀಸನ್ನಿನ ಮಾನ ಉಳಿಸಿದಳು. ಮನೆತನಕ್ಕೆಲ್ಲ ಮರಣದಂಡನೆ ಖಚಿತ ಅಂತ ಗೊತ್ತಾದಾಗ ಪುಟ್ಟ ಮಕ್ಕಳಿಗೆ ಆ ಸಾವಿನ ನಿದ್ದೆಯ ಔಷಧಿ. ಸೈನಿಕರ ಕಣ್ಣಿಗೆ ಅದು ವಿಷ ಕುಡಿದು ಸತ್ತ ಮಕ್ಕಳ ಸಾಲು. ಆ ದೃಶ್ಯದಲ್ಲಿ ಸರಣಿ ಮತ್ತೆ ತನ್ನ ಕಸುಬಿಗೆ ಬಂತು.

ಇದೇ ಗುಂಗಿನಲ್ಲಿ 'ಡಿಲಿಷಸ್ ಇನ್ ಡಂಜನ್' ಹಾಕಿದೆ. 2024ರದ್ದು, ಟ್ರಿಗರ್ ಸ್ಟುಡಿಯೋದ ಕೆಲಸ, ಮೂಲ ಕಾಮಿಕ್ಸ್ ರ್ಯೋಕೋ ಕುಯಿ ಅವರದು. ನಾಯಕನ ತಂಗಿಯನ್ನು ಡ್ರ್ಯಾಗನ್ ನುಂಗಿದೆ, ಅದು ಅರಗಿಸಿಕೊಳ್ಳುವ ಮೊದಲು ಹೋಗಿ ಬಿಡಿಸಬೇಕು, ಊಟಕ್ಕೆ ದುಡ್ಡಿಲ್ಲ. ಸರಿ, ದಾರಿಯಲ್ಲಿ ಸಿಗುವ ರಾಕ್ಷಸ ಪ್ರಾಣಿಗಳನ್ನೇ ಬೇಯಿಸಿ ತಿನ್ನೋಣ ಅಂತ ಹೊರಡುತ್ತಾರೆ. ಸೆನ್ಶಿ ಎಂಬ ಗಡ್ಡದ ಕುಳ್ಳ ಅಡುಗೆಯವನು. ಕಿತ್ತರೆ ಕಿರುಚಿ ಕೊಲ್ಲುವ ಮ್ಯಾಂಡ್ರೇಕ್ ಬೇರನ್ನು ಅವನು, ಅದು ಕಿರುಚುವ ಮೊದಲೇ, ಕತ್ತು ಕೊಯ್ದು ತೆಗೆಯುತ್ತಾನೆ. ಪುಸ್ತಕ ಓದಿದ, ತಂಡದ ಮಂತ್ರವಾದಿನಿ ಮಾರ್ಸಿಲ್ ತನ್ನ ವಿಧಾನವೇ ಸರಿ ಅಂತ ಹಟ ಹಿಡಿದು ಒದ್ದಾಡುತ್ತಾಳೆ, ಕೊನೆಗೆ ಅವಳು ಕಿತ್ತ ಬೇರಿನಲ್ಲೇ ಕಹಿ ಕಡಿಮೆ. ಮ್ಯಾಂಡ್ರೇಕ್ ನಿಜವಾದ ಗಿಡವೇ, ಉಮ್ಮತ್ತಿಯ ನೆಂಟ. ಬದನೆಕಾಯಿಗೂ ನೆಂಟ, ಹಾಗಾಗಿ ಅಡುಗೆಮನೆಗೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ನಗುನಗುತ್ತಾ ಸಾಗುವ ಕಥೆ ಮಧ್ಯದಲ್ಲಿ ತಿರುಗಿ ಕಚ್ಚುತ್ತೆ. ಡ್ರ್ಯಾಗನ್ ನುಂಗಿ ಸತ್ತ ಆ ತಂಗಿ ಮಾರ್ಸಿಲ್‌ಳ ಗೆಳತಿ; ಅವಳನ್ನು ಬದುಕಿಸಲು ಮಾರ್ಸಿಲ್ ನಿಷೇಧಿತ ವಿದ್ಯೆ ಬಳಸುತ್ತಾಳೆ, ಗೆಳತಿ ಎದ್ದು ಕೂರುತ್ತಾಳೆ, ಎಲ್ಲರೂ ಅಳುತ್ತಾರೆ. ಆಮೇಲೆ ಆ ಹುಡುಗಿ ಏನಾಗುತ್ತಾಳೆ ಅಂತ ನೋಡಿದವರಿಗೆ ಗೊತ್ತು. ಇಲ್ಲೂ ಅದೇ ಕಥೆ, ಪ್ರೀತಿಗೆ ಡೋಸ್ ಗೊತ್ತಾಗಲ್ಲ.

'ಫ್ರಿರೆನ್' ಎಂಬ ಅನಿಮೆ ಬಗ್ಗೆ ಎಲ್ಲರೂ ಹೊಗಳಿ ಆಗಿದೆ, ನಾನು ಹೊಸದಾಗಿ ಹೇಳುವುದು ಕಡಿಮೆ. ಸಾವಿರ ವರ್ಷ ಬದುಕಿದ ಮಂತ್ರವಾದಿನಿ ಊರೂರು ಅಲೆದು ಬರೀ ಕೆಲಸಕ್ಕೆ ಬಾರದ ಮಂತ್ರ ಕಲೆಹಾಕುತ್ತಾಳಲ್ಲ, ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವ ಮಂತ್ರ, ಕಂಚಿನ ಪ್ರತಿಮೆಯ ತುಕ್ಕು ತೆಗೆಯುವ ಮಂತ್ರ, ಅಷ್ಟು ನನಗೆ ತುಂಬ ಇಷ್ಟ. ಮಂತ್ರವಾದಿಗಳ ಪರೀಕ್ಷೆಯ ಎಪಿಸೋಡ್‌ಗಳಲ್ಲಿ ಮಾತ್ರ ನಿದ್ದೆ ಹೋದೆ. ಪರೀಕ್ಷೆ ಬರೆದಿದ್ದು ಸಾಕಾಗಿದೆ.

ಅಪೋಥೆಕರಿಗೆ ಮೂರನೇ ಸೀಸನ್ ಬರುತ್ತೆ ಅಂತ ಘೋಷಣೆಯಾಗಿದೆ. ಮಾಡುವವರಲ್ಲಿ ನನ್ನದೊಂದು ಕೋರಿಕೆ: ಪಿತೂರಿ ಸ್ವಲ್ಪ ಕಡಿಮೆ ಮಾಡಿ, ಹೊಟ್ಟೆನೋವು, ಕಜ್ಜಿ, ಕೆಮ್ಮು ಜಾಸ್ತಿ ಕೊಡಿ. ಆ ಅಳಲೆಕಾಯಿ ಪಂಡಿತರಿಗೂ ಒಂದು ಇಡೀ ಎಪಿಸೋಡ್ ಇರಲಿ.