ಪ್ರೊಡಕ್ಷನ್ ತನ್ನನ್ನು ಸಿಐ ಎಂದುಕೊಂಡ ಸಂಜೆ

ಆ ರಿಲೀಸ್‌ನಲ್ಲಿ ಇದ್ದದ್ದು ಒಂದೇ ಬದಲಾವಣೆ: ಪುಟದ ಅಡಿಯಲ್ಲಿ ಬಿಲ್ಡ್ ಸಂಖ್ಯೆ ಕಾಣಿಸಬೇಕು. ಸಪೋರ್ಟ್ ತಂಡದವರು ಬಹಳ ಕಾಲದಿಂದ ಕೇಳುತ್ತಿದ್ದ ಸೌಲಭ್ಯ. ಆ್ಯಪ್‌ನ ಇಮೇಜ್ (ಓಡಿಸಲು ಸಿದ್ಧವಾದ ಪೊಟ್ಟಣ) ಕಟ್ಟುವ ಕ್ರಮವನ್ನು ಬರೆದಿಡುವ ಡಾಕರ್‌ಫೈಲ್‌ಗೆ ಎರಡು ಸಾಲು ಸೇರಿದವು. ನಮ್ಮ ಸಿಐ (ಕೋಡ್ ಬದಲಾದಾಗ ತಾನಾಗಿಯೇ ಬಿಲ್ಡ್ ಮತ್ತು ಟೆಸ್ಟ್ ನಡೆಸುವ ವ್ಯವಸ್ಥೆ) ಆದ ಜೆಂಕಿನ್ಸ್ ಕೊಡುವ ಬಿಲ್ಡ್_ನಂಬರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಸಿಗುವ ಮೌಲ್ಯ) ಹಾಗೆಯೇ ಇಮೇಜಿನೊಳಗೆ ಉಳಿದುಕೊಂಡಿತು. ರಿವ್ಯೂನಲ್ಲಿ ಯಾರೂ ತಕರಾರು ಎತ್ತಲಿಲ್ಲ, ಎತ್ತುವಂಥದ್ದು ಅಲ್ಲಿ ಕಾಣುತ್ತಲೂ ಇರಲಿಲ್ಲ.

ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಸರ್ವರ್‌ಗೆ, ಡಿಪ್ಲಾಯ್ ಆಗಿ ಸ್ವಲ್ಪ ಹೊತ್ತಿಗೆ ಸಪೋರ್ಟ್‌ನಿಂದ ಕರೆ ಬಂತು. "ಸರ್, ಯಾರಿಗೂ ಒಟಿಪಿ ಮೇಲ್ ಹೋಗ್ತಾ ಇಲ್ಲ. ಇನ್‌ವಾಯ್ಸ್ ಕೂಡ ಬಂದಿಲ್ಲ ಅಂತಿದ್ದಾರೆ." ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿತ್ತು. ಲಾಗ್‌ನಲ್ಲಿ ಪ್ರತಿಯೊಂದು ಮೇಲ್‌ನ ಎದುರೂ "ಕಳುಹಿಸಲಾಗಿದೆ" ಎಂಬ ಸಂದೇಶವೂ ಮೆಸೇಜ್ ಐಡಿಯೂ ಇದ್ದವು. ಹೀಗಿರುವಾಗ ದೋಷ ನಮ್ಮ ಕಡೆಯದಲ್ಲ, ಮೇಲ್ ಸೇವೆ ಕೊಡುವವರದು ಎಂದು ನಾವೆಲ್ಲ ತೀರ್ಮಾನಿಸಿ, ಅವರಿಗೆ ಟಿಕೆಟ್ ಹಾಕಿ, ಸ್ಪ್ಯಾಮ್ ಫೋಲ್ಡರ್, ಡಿಎನ್‌ಎಸ್ ದಾಖಲೆ, ಐಪಿ ಬ್ಲಾಕ್‌ಲಿಸ್ಟ್‌ಗಳನ್ನು ಒಂದೊಂದಾಗಿ ಜಾಲಾಡತೊಡಗಿದೆವು. ರೋಲ್‌ಬ್ಯಾಕ್ ಮಾಡಿ ಹಿಂದಿನ ಆವೃತ್ತಿಗೆ ಮರಳೋಣವೇ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದಾಗ, ಪುಟದ ಅಡಿಯ ಅಂಕಿಗೂ ಮೇಲ್‌ಗೂ ಏನು ಸಂಬಂಧ ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಆಗಲೇ ಅವರ ಮಾತು ಕೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು.

ಸುಳಿವು ಸಿಕ್ಕಿದ್ದು ಹಿಂದಿನ ದಿನದ ಲಾಗ್ ತೆರೆದು ಪಕ್ಕದಲ್ಲಿಟ್ಟಾಗ. ನಾವು ಮೇಲ್ ಕಳುಹಿಸಲು ಬಳಸುವ ನೋಡ್‌ಮೇಲರ್ ಲೈಬ್ರರಿ ನಿಜವಾಗಿ ಎಸ್‌ಎಂಟಿಪಿ (ಮೇಲ್ ಸಾಗಿಸುವ ಪ್ರೋಟೋಕಾಲ್) ಮೂಲಕ ಕಳುಹಿಸಿದರೆ, ಸರ್ವರ್ ಕೊಟ್ಟ 250ರಿಂದ ("ಸ್ವೀಕರಿಸಿದೆ" ಎಂಬ ಸಂಕೇತ) ಶುರುವಾಗುವ ಉತ್ತರವೂ ಅದರ ಫಲಿತಾಂಶದಲ್ಲಿ ಇರುತ್ತದೆ. ನಿನ್ನೆಯ ಸಾಲುಗಳಲ್ಲಿ ಅದಿತ್ತು. ಇಂದಿನವುಗಳಲ್ಲಿ ಮೆಸೇಜ್ ಐಡಿ ಮಾತ್ರ. ಅಂದರೆ ಮೇಲ್ ಆ ಇಮೇಜ್ ಓಡುತ್ತಿದ್ದ ನಮ್ಮ ಕಂಟೇನರ್‌ನಿಂದ ಹೊರಗೇ ಹೋಗಿರಲಿಲ್ಲ. ಟೆಸ್ಟ್‌ಗಾಗಿ ಇಟ್ಟಿದ್ದ ಜೇಸನ್ ಟ್ರಾನ್ಸ್‌ಪೋರ್ಟ್ ಅದನ್ನು ಪಠ್ಯವಾಗಿ ಕಟ್ಟಿ, ಯಶಸ್ಸು ಎಂದು ಹೇಳಿ, ಅಲ್ಲಿಗೇ ಬಿಡುತ್ತಿತ್ತು.

ಆ ಟ್ರಾನ್ಸ್‌ಪೋರ್ಟ್ ಆರಿಸುವ ಷರತ್ತು ಒಂದೇ ಸಾಲಿನದು: ಸಿಐ-ಇನ್ಫೋ ಪ್ಯಾಕೇಜ್ "ಇದು ಸಿಐ" ಎಂದರೆ ನಕಲಿ ಮೇಲರ್, ಇಲ್ಲವಾದರೆ ಅಸಲಿ. ಗಿಟ್‌ಹಬ್ ಆ್ಯಕ್ಷನ್ಸ್, ಗಿಟ್‌ಲ್ಯಾಬ್, ಸರ್ಕಲ್‌ಸಿಐ ಮುಂತಾದ ಸಿಐ ಸೇವೆಗಳು ಸಿಐ ಎಂಬ ವೇರಿಯಬಲ್ ಅನ್ನು ತಾವಾಗಿಯೇ ಇಡುತ್ತವೆ; ಅಜೂರ್ ಪೈಪ್‌ಲೈನ್ಸ್ ಟಿಎಫ್_ಬಿಲ್ಡ್ ಇಡುತ್ತದೆ. ಹೀಗೆ ಒಬ್ಬೊಬ್ಬರದು ಒಂದೊಂದು ಪದ್ಧತಿಯಾಗಿರುವುದರಿಂದ ಆ ಪ್ಯಾಕೇಜ್ ಹಲವು ಹೆಸರುಗಳನ್ನು ಹುಡುಕುತ್ತದೆ, ಅದರಲ್ಲಿ ಜೆಂಕಿನ್ಸ್ ಮತ್ತು ಟೀಮ್‌ಸಿಟಿಯವರಿಗಾಗಿ ಬಿಲ್ಡ್_ನಂಬರ್ ಕೂಡ ಒಂದು. ಪ್ಯಾಕೇಜನ್ನು ದೂರುವಂತಿಲ್ಲ, ಆ ಹೆಸರು ಕಂಡರೆ ಸಿಐ ಎಂದು ಊಹಿಸುವುದೇ ಅದರ ಕೆಲಸ. ಬಿಡುಗಡೆಗೆ ಮುಂಚೆ ಪರೀಕ್ಷಿಸುವ ಸ್ಟೇಜಿಂಗ್‌ನಲ್ಲಿ ಯಾವಾಗಲೂ ನಕಲಿ ಮೇಲರ್ ಇರುವುದರಿಂದ ಅಲ್ಲಿ ವ್ಯತ್ಯಾಸ ಗೋಚರಿಸುವ ಅವಕಾಶವೇ ಇರಲಿಲ್ಲ.

ಕಾರಣ ಸಿಕ್ಕ ಮೇಲಾದರೂ ಬೇಗ ಮುಗಿಯಬೇಕಿತ್ತು. ಮ್ಯಾನೇಜರ್ ಕರೆಯಲ್ಲೇ ಕಾಯುತ್ತಿದ್ದರು, ಐದೈದು ನಿಮಿಷಕ್ಕೆ "ಇಟಿಎ ಏನು?", ಅಂದರೆ ಯಾವಾಗ ಮುಗಿಯುತ್ತದೆ, ಎನ್ನುತ್ತಿದ್ದರು. ಹೊಸ ಇಮೇಜ್ ಕಟ್ಟುವಷ್ಟು ಹೊತ್ತು ಏಕೆಂದು ಪ್ರೊಡಕ್ಷನ್ ಸೆಟ್ಟಿಂಗ್‌ನಲ್ಲಿ ಸಿಐ ಎಂಬುದಕ್ಕೆ ಫಾಲ್ಸ್ ಎಂದು ಬರೆದು ರೀಸ್ಟಾರ್ಟ್ ಮಾಡಿದೆವು. ಪ್ರಯೋಜನವಾಗಲಿಲ್ಲ: ಬಿಲ್ಡ್_ನಂಬರ್ ಅಲ್ಲೇ ಇತ್ತು, ಈಗ ಸಿಐ ಕೂಡ ಸೇರಿತ್ತು. ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಮೌಲ್ಯ ಎಂದಿಗೂ ಸ್ಟ್ರಿಂಗ್. ಜಾವಾಸ್ಕ್ರಿಪ್ಟ್‌ಗೆ ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ನಿಜವೇ, ಅದರಲ್ಲಿ "ಫಾಲ್ಸ್" ಎಂದೇ ಬರೆದಿದ್ದರೂ. ಪ್ಯಾಕೇಜಿನ ಈಚಿನ ಆವೃತ್ತಿಗಳು ಇದನ್ನು ಸರಿಯಾಗಿ ಗುರುತಿಸುತ್ತವೆ. ಪ್ಯಾಕೇಜ್‌ಗಳ ಆವೃತ್ತಿಯನ್ನು ಗೊತ್ತುಮಾಡಿಡುವ ನಮ್ಮ ಲಾಕ್‌ಫೈಲ್‌ನಲ್ಲಿದ್ದದ್ದು ಹಳೆಯದು. ಕೊನೆಗೆ ಆ ಫಾಲ್ಸ್ ಸಾಲನ್ನು ತೆಗೆದು, ಬಿಲ್ಡ್_ನಂಬರ್‌ನ ಹೆಸರನ್ನು ಆ್ಯಪ್_ಬಿಲ್ಡ್ ಎಂದು ಬದಲಿಸಿದ ಇಮೇಜ್ ಹೋದ ಮೇಲೆಯೇ ಲಾಗ್‌ನಲ್ಲಿ 250 ಮತ್ತೆ ಕಾಣಿಸಿತು.

ಇನ್‌ವಾಯ್ಸ್‌ಗಳನ್ನು ಡೇಟಾಬೇಸ್‌ನಿಂದ ಮತ್ತೆ ಕಳುಹಿಸಿದೆವು. ಆರ್‌ಸಿಎ (ಮೂಲ ಕಾರಣದ ವಿಶ್ಲೇಷಣೆ) ಫಾರಂನಲ್ಲಿ ಕಾರಣ ಆರಿಸುವ ಪಟ್ಟಿಯಲ್ಲಿ ಇದಕ್ಕೆ ಹೊಂದುವ ಆಯ್ಕೆ ಇಲ್ಲದೆ "ಮಾನವ ದೋಷ" ಎಂದು ತುಂಬಬೇಕಾಯಿತು. ಅದರ ಪರಿಹಾರವಾಗಿ ಎಲ್ಲರಿಗೂ ಒಂದು ಗಂಟೆಯ ತರಬೇತಿ ನಿಗದಿಯಾಯಿತು. ನಿಜವಾದ ಪರಿಹಾರ ಒಂದು ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆಯ ಪ್ರಸ್ತಾವ) ಮುಗಿದಿತ್ತು: ಯಾವ ಮೇಲರ್ ಎಂಬುದನ್ನು ಪ್ರತಿ ಪರಿಸರವೂ ಸ್ಪಷ್ಟವಾಗಿ ಹೇಳಬೇಕು, ಹೇಳದಿದ್ದರೆ ಸರ್ವಿಸ್ ಸ್ಟಾರ್ಟ್ ಆಗಲೇಬಾರದು. ಸಿಐ-ಇನ್ಫೋ ಈಗಲೂ ನಮ್ಮಲ್ಲಿದೆ, ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಪ್ರೋಗ್ರೆಸ್ ಬಾರ್ ತೋರಿಸಬೇಕೇ ಬೇಡವೇ ಎಂದು ನಿರ್ಧರಿಸಲು. ಅಲ್ಲಿ ಅದರ ಊಹೆ ತಪ್ಪಿದರೆ ಲಾಗ್ ಸ್ವಲ್ಪ ಗಲೀಜಾಗುತ್ತದೆ, ಅಷ್ಟೇ.