ಸೇಬು ಕೀಳೋಕೆ ಹೋಗ್ತೀರಾ? ಮೊದಲು ತಳಿ ಯಾವುದು ಅಂತ ಕೇಳಿ

ಸೇಬಿನ ತೋಟದಲ್ಲಿ ಒಂದು ರಜಾದಿನ ಕಳೆಯಬೇಕು ಅಂತಿದ್ದರೆ, ಈಗ ಯಾವ ಸೇಬು ಹಣ್ಣಾಗಿದೆ ಅಂತ ತೋಟದವರನ್ನು ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ. ಎಲ್ಲ ತಳಿಗಳೂ ಒಟ್ಟಿಗೆ ಮಾಗುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಗಾಲಾ ಆಗಸ್ಟ್ ಕೊನೆಗೆ ಶುರುವಾಗುತ್ತದೆ, ಹನಿಕ್ರಿಸ್ಪ್ ಸೆಪ್ಟೆಂಬರ್‌ನಲ್ಲಿ. ಫ್ಯೂಜಿ, ಗ್ರ್ಯಾನಿ ಸ್ಮಿತ್ ಬೇಕಂದರೆ ಅಕ್ಟೋಬರ್‌ವರೆಗೆ ಕಾಯಬೇಕು. ಹವೆ ನೋಡಿಕೊಂಡು ಒಂದೆರಡು ವಾರ ಹಿಂದೆ ಮುಂದೆ ಆಗುವುದೂ ಉಂಟು.

ನಾವು ವಾರದ ಮಧ್ಯೆ ರಜೆ ಹಾಕಿ, ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡು, ತೋಟ ತೆರೆಯುವ ಹೊತ್ತಿಗೇ ಹೋದೆವು. ಜನ ಕಡಿಮೆ, ಹಣ್ಣು ಜಾಸ್ತಿ. ಬೆಳಗ್ಗೆ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಚಪ್ಪಲಿ ಬೇಡ, ನೀರಿಳಿಯದ ಶೂ ಹಾಕಿಕೊಳ್ಳಿ. ಬಿದ್ದ ಹಣ್ಣಿಗೆ ಕಣಜಗಳು ಮುತ್ತಿರುತ್ತವೆ, ಮಕ್ಕಳ ಕಾಲಿನ ಕಡೆ ಗಮನ ಇರಲಿ. ಈಗ ಎಷ್ಟೋ ತೋಟಗಳಲ್ಲಿ ಗಿಡ್ಡ ಮರಗಳನ್ನೇ ಬೆಳೆಸುತ್ತಾರೆ. ಹಾಗಾಗಿ ಏಣಿ ಬೇಕಾಗಲಿಲ್ಲ, ಮಕ್ಕಳೂ ಕೈಚಾಚಿ ಕಿತ್ತರು.

ಕೀಳುವ ಮುಂಚೆ ಹಣ್ಣನ್ನು ಸರಿಯಾಗಿ ನೋಡಬೇಕು. ಕೆಂಪಗಿದೆ ಅಂದ ಮಾತ್ರಕ್ಕೆ ಮಾಗಿದೆ ಅಂತಲ್ಲ. ಬಿಸಿಲು ಬಿದ್ದ ಕಡೆ ಕೆಂಪು ಬೇಗ ಬರುತ್ತದೆ. ಕೆಂಪಿನ ನಡುವೆ, ತೊಟ್ಟಿನ ಗುಳಿಯ ಸುತ್ತ ಕಾಣುವ ತಳಬಣ್ಣ ನೋಡಿ. ಅದು ಎಳೆ ಹಸಿರಿದ್ದರೆ ಇನ್ನೂ ಕಾಯಿ, ಹಳದಿಗೆ ತಿರುಗಿದ್ದರೆ ಹಣ್ಣು. (ಗ್ರ್ಯಾನಿ ಸ್ಮಿತ್ ಮಾಗಿದರೂ ಹಸಿರೇ, ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ.) ಸಾಮಾನ್ಯವಾಗಿ ಮರದ ಹೊರಮೈಯ ಹಣ್ಣು ಮೊದಲು ಮಾಗುತ್ತದೆ, ಎಲೆಗಳ ಮರೆಯಲ್ಲಿರುವುದು ಆಮೇಲೆ.

ಇನ್ನು ಕೀಳುವ ರೀತಿ. ಜಗ್ಗಬೇಡಿ, ಕೊಂಬೆ ಅಲುಗಾಡಿಸಲೇಬೇಡಿ. ಹಣ್ಣನ್ನು ಅಂಗೈಯಲ್ಲಿ ಹಿಡಿದು, ಮೇಲಕ್ಕೆ ಎತ್ತಿ, ಸ್ವಲ್ಪ ತಿರುಗಿಸಿ. ಮಾಗಿದ್ದರೆ ತೊಟ್ಟಿನ ಸಮೇತ ತಾನಾಗಿ ಕೈಗೆ ಬರುತ್ತದೆ. ಬರಲಿಲ್ವಾ, ಬಿಟ್ಟುಬಿಡಿ. ತೊಟ್ಟು ಕೊಂಬೆಗೆ ಸೇರುವಲ್ಲೇ ಮುಂದಿನ ವರ್ಷದ ಮೊಗ್ಗು ಇರುತ್ತದೆ. ಜಗ್ಗಿದರೆ ಅದೂ ಮುರಿದು ಬರುತ್ತದೆ, ಮುಂದಿನ ಫಸಲಿಗೇ ಪೆಟ್ಟು. ಇದೊಂದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ ಅನ್ನುವುದು ನನ್ನ ಕಳಕಳಿಯ ಮಾತು. ಕಿತ್ತದ್ದನ್ನು ಚೀಲಕ್ಕೆ ಎಸೆಯದೆ ಮೆಲ್ಲಗೆ ಇಡಿ. ಸಿಪ್ಪೆಯ ಮೇಲಿನ ತೆಳು ಬಿಳಿ ಪುಡಿಯಂಥದ್ದು ಹಣ್ಣಿನದೇ ಮೇಣ, ಅದನ್ನು ಉಜ್ಜಬೇಡಿ. ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳಬೇಡಿ, ಪ್ರಾಣಿಗಳ ಹಿಕ್ಕೆಯಿಂದ ರೋಗಾಣು ತಗುಲಿರಬಹುದು.

ಎಷ್ಟು ಕೀಳಬೇಕು? ಐದು ಕೆಜಿ ಅಂದರೆ ಮಧ್ಯಮ ಗಾತ್ರದ 25ರಿಂದ 30 ಹಣ್ಣು. ಸಣ್ಣ ಮನೆಗೆ ಅಷ್ಟು ಧಾರಾಳ ಸಾಕು. ಕೀಳುವ ಖುಷಿಯಲ್ಲಿ ಚೀಲ ತುಂಬಿದ್ದೇ ಗೊತ್ತಾಗುವುದಿಲ್ಲ, ಆಗಾಗ ಎತ್ತಿ ನೋಡುತ್ತಿರಿ.

ಮನೆಗೆ ಬಂದು ತೊಳೆಯದೆ, ತೂತಿರುವ ಕವರ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಸೇಬಿನಿಂದ ಎಥಿಲೀನ್ ಅನ್ನುವ ಅನಿಲ ಹೊರಬರುತ್ತದೆ. ಪಕ್ಕದಲ್ಲಿ ಸೊಪ್ಪಿಟ್ಟರೆ ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಪೆಟ್ಟು ಬಿದ್ದ ಹಣ್ಣುಗಳನ್ನು ಅವತ್ತೇ ಬೇರೆ ಮಾಡಿ ಮೊದಲು ಮುಗಿಸಿ. ಬೇಗ ಬರುವ ಗಾಲಾ ಜಾಸ್ತಿ ದಿನ ಗರಿಗರಿಯಾಗಿ ಇರುವುದಿಲ್ಲ. ಫ್ಯೂಜಿ ಮಾತ್ರ ತಂಪಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೆಚ್ಚಿಗೆ ತರುವುದಾದರೆ ಅದನ್ನೇ ತನ್ನಿ.