ಬೊಂಬಾಯಲ್ಲಿ ಬಿದ್ದರೆ ಎತ್ತುವವರು ಯಾರು?

ಕುಂದಾಪುರಕ್ಕೆ ಹೋದಾಗಲೆಲ್ಲ ಮಾವನದು ಅದೇ ಪ್ರಶ್ನೆ: "ನಿಮ್ಮ ಬೊಂಬಾಯಿ ಬದಿಗೆ ದಾರಿ ಮೇಲೆ ಬಿದ್ರೆ ಎತ್ತುದ್ ಯಾರ್ ಮಾರಾಯಾ?" ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆಂದು ಉಳಿದವರೂ ನನ್ನನ್ನೇ ಕೇಳುತ್ತಾರೆ. ಎತ್ತದೆ ಮುಂದೆ ಹೋದವರಲ್ಲಿ ನಾನೂ ಒಬ್ಬ ಎಂಬುದು ಅವರಿಗೆ ಗೊತ್ತಿಲ್ಲ.

ಬೆಳಗಿನ ಎಂಟು ಗಂಟೆ, ದಾದರ್ ಸ್ಟೇಷನ್ನಿನ ಬ್ರಿಜ್. ಕಂಬಿಗೆ ಒರಗಿದ್ದವನೊಬ್ಬ ಮೆಲ್ಲಗೆ ಜಾರಿ ಕೂತ. ಬ್ಯಾಗಿನಿಂದ ಊಟದ ಡಬ್ಬಿ ಹೊರಳಿ ಬಂತು. ಜನ ಅದನ್ನು ದಾಟಿಕೊಂಡು ಹೋದರು, ನಾನೂ ದಾಟಿದೆ. ಕ್ಲಾಸಿಗೆ ತಡವಾಗಿತ್ತು. 'ಕುಡಿದಿರಬೇಕು' ಅಂದುಕೊಂಡೆ. ಬೆಳಗ್ಗೆ ಎಂಟಕ್ಕೆ! ಅಷ್ಟರಲ್ಲಿ ನಿಂಬೆಹಣ್ಣು-ಮೆಣಸಿನಕಾಯಿ ಪೋಣಿಸುತ್ತಿದ್ದ ಹೆಂಗಸು ನನ್ನ ಕಡೆ ಬೆರಳು ಮಾಡಿ ಕೂಗಿದಳು: "ಓ ಚಷ್ಮೇವಾಲೇ, ಪಾಣೀ ದ್ಯಾ!"

ಕನ್ನಡಕದವರು ಆ ಬ್ರಿಜ್ಜಿನಲ್ಲಿ ನೂರು ಜನ ಇದ್ದಿರಬೇಕು. ಬೆರಳು ಮಾತ್ರ ನನ್ನ ಮೇಲಿತ್ತು. ಬಾಟಲಿ ತೆಗೆದು ನೆಲದಲ್ಲಿ ಕೂತೆ. ನಾನು ಕೂತದ್ದೇ ತಡ, ಒಬ್ಬ ಪೇಪರಿನಿಂದ ಗಾಳಿ ಹಾಕಿದ, ಇನ್ನೊಬ್ಬ ಬಿಸ್ಕತ್ತು ಬಿಚ್ಚಿದ, ಮತ್ತೊಬ್ಬ ಡಬ್ಬಿ ಎತ್ತಿಟ್ಟ.

1968ರಲ್ಲಿ ಡಾರ್ಲಿ, ಲಟಾನೆ ಎಂಬಿಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ತೋರಿಸಿಕೊಟ್ಟದ್ದು ಇದನ್ನೇ. ಪಕ್ಕದ ಕೋಣೆಯವನಿಗೆ ಫಿಟ್ಸ್ ಬಂದ ಸದ್ದು ಕೇಳಿಸಿದಾಗ, ಕೇಳುವವನು ತಾನೊಬ್ಬನೇ ಎಂದುಕೊಂಡವರಲ್ಲಿ 100ಕ್ಕೆ 85 ಜನ ಬೇಗನೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ 31. ಕಟುಕರೇನಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡವರು. ಅದೇ ಡಾರ್ಲಿ ಬ್ಯಾಟ್ಸನ್ ಜೊತೆ 1973ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇನ್ನೂ ಚುಚ್ಚುತ್ತದೆ. ಅದರಲ್ಲಿ ಪರೀಕ್ಷೆಗೊಳಗಾದವರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದವರು. ದಾರಿಯಲ್ಲಿ ಕುಸಿದು ಕೆಮ್ಮುತ್ತಿದ್ದವನನ್ನು ನೋಡಿ, ಅವಸರವಿಲ್ಲದವರಲ್ಲಿ 100ಕ್ಕೆ 63 ಜನ ನಿಂತರು, ಅವಸರದಲ್ಲಿದ್ದವರಲ್ಲಿ 10. ಆ ಲೆಕ್ಕ ನೋಡಿದರೆ ಬೆಳಗಿನ ದಾದರಿನಲ್ಲಿ ಒಬ್ಬನಾದರೂ ನಿಲ್ಲುವುದೇ ಹೆಚ್ಚು.

ಇನ್ನೊಂದಿದೆ, 'ನಮ್ಮವರು' ಎಂಬ ಗೆರೆ. ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು ತಮ್ಮ ತಂಡದ ಅಂಗಿ ತೊಟ್ಟು ಬಿದ್ದವನನ್ನು ಎತ್ತಿದರು, ಎದುರಾಳಿ ಲಿವರ್‌ಪೂಲ್ ತಂಡದ ಅಂಗಿಯವನನ್ನು ಹೆಚ್ಚಿನವರು ಬಿಟ್ಟುಹೋದರು. ಮೊದಲೇ 'ಫುಟ್‌ಬಾಲ್ ಪ್ರೇಮಿ'ಗಳೆಂದು ಮಾತಾಡಿಸಿದ್ದರೆ ಲಿವರ್‌ಪೂಲಿನವನೂ ನಮ್ಮವನಾದ. ಗೆರೆ ಜಾರುತ್ತದೆ. ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು "ಜರಾ ಸರ್ಕೋ" ಅಂದರೆ ಮುಖ ಗಂಟಿಕ್ಕಿಕೊಂಡೇ ಸರಿಯುತ್ತೇವಲ್ಲ, ಅದೂ ಅಷ್ಟೆ. ನಿನ್ನೆ ನಾವೇ ಆ ನಾಲ್ಕನೆಯವರಾಗಿದ್ದೆವು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಸೊಂಟದುದ್ದ ನೀರಿನಲ್ಲಿ ನಡೆದು ಸಾಯನ್ ಹತ್ತಿರ ಬಂದಾಗ ಒಂದು ಚಾಳಿನವರು ಹಗ್ಗ ಕಟ್ಟಿ ಎಲ್ಲರನ್ನೂ ದಾಟಿಸುತ್ತಿದ್ದರು. ಒಬ್ಬಾಕೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಒದ್ದೆಯಾದವರೆಲ್ಲ ಅಂದು ಒಂದೇ ಜಾತಿ. (ಇದನ್ನೇ 'ಮುಂಬೈ ಸ್ಪಿರಿಟ್' ಎಂದು ಹೊಗಳುವವರ ಮೇಲೆ ನನಗೆ ಸಿಟ್ಟು. ಚರಂಡಿ ಸರಿಯಿದ್ದರೆ ಹಗ್ಗ ಯಾಕೆ ಬೇಕಿತ್ತು?)

ಮಾವನಿಗೆ ಹೇಳಿದ್ದು ಇಷ್ಟು: "ಬಿದ್ದರೆ 'ಯಾರಾದ್ರೂ ಬನ್ನಿ' ಅನ್ನಬೇಡಿ. ಒಬ್ಬರನ್ನು ನೋಡಿ, 'ನೀಲಿ ಅಂಗಿಯವರೇ' ಅಂತ ಕರೀರಿ."

"ಬಿದ್ದ ಹೊತ್ತಿಗೆ ನಂಗೆ ಮರಾಠಿ ಎಲ್ಲಿಂದ ಬತ್ತ್ ಮಾರಾಯಾ?"

"ಬೆರಳು ತೋರಿಸಿ ಸಾಕು."